ಒಂಬತ್ತನೇ ಕ್ಲಾಸಿನ ಬೆಳೆ

ಬಿ.ಎಡ್. ಕಾಲೇಜಿನಲ್ಲಿ ನಮಗೊಂದು ಬರಹ ಬರೆಯಲು ಹೇಳಿದ್ದಾರೆ. ಶಾಲೆಯಲ್ಲಿದ್ದಾಗ ಬೇರೆ ಬೇರೆ ವಿಷಯಗಳಲ್ಲಿ ನೀವು ಮಾಡಿದ ಪ್ರಾಜೆಕ್ಟುಗಳಿಂದ ಏನು ಕಲಿತಿರಿ, ನಾಳೆ ನೀವೇ ಟೀಚರಾದಾಗ ಅದನ್ನು ಹೇಗೆ ಬಳಸುತ್ತೀರಿ ಎಂದು. ನಾನು ಹದಿನೈದು ದಿನದಿಂದ ಅದನ್ನು ಮುಂದಕ್ಕೆ ತಳ್ಳುತ್ತ ಬಂದಿದ್ದೆ. ಕಲಿತದ್ದೇನು ಎಂದು ಯಾರಾದರೂ ಕೇಳಿದ ಕೂಡಲೇ ನನಗೆ ಏನೂ ಕಲಿತಿಲ್ಲವೆಂಬುದೇ ಮೊದಲು ಹೊಳೆಯುವುದು.

ಮೊನ್ನೆ ಬೆಳಗಿನ ಬಸ್ಸಿನಲ್ಲಿ ರಾಮನಗರಕ್ಕೆ ಪಾಠದ ಅಭ್ಯಾಸಕ್ಕೆಂದು ಹೊರಟಿದ್ದೆ. ಕೂಟಗಲ್ ದಾಟಿದ ಮೇಲೆ ಒಬ್ಬರು ಗೂಡಿನ ಚೀಲಗಳನ್ನು ಹತ್ತಿಸಿದರು. ಇದೇನು ಬಸ್ಸೋ ಲಗೇಜ್ ಆಟೋನೋ ಎಂದು ಕಂಡಕ್ಟರು ಗೊಣಗಿದ, ಆಮೇಲೆ ತಾನೇ ಒಂದು ಚೀಲ ಎಳೆದು ನನ್ನ ಕಾಲ ಬಳಿ ಇಟ್ಟ. ಹಸಿ ರೇಷ್ಮೆ ಗೂಡಿನ ವಾಸನೆ ಗೊತ್ತಿಲ್ಲದವರಿಗೆ ಹೇಳುವುದು ಕಷ್ಟ. ಸೊಪ್ಪಿನದೂ ಹೌದು, ಹಿಕ್ಕೆಯದೂ ಹೌದು, ಒಳಗೆ ಒಂದು ಜೀವ ಇದೆ ಎನ್ನುವುದೂ ಅದರಲ್ಲಿ ತಿಳಿಯುತ್ತದೆ. ರಾಮನಗರದ ಮಾರುಕಟ್ಟೆ ಬರುವವರೆಗೂ ಆ ವಾಸನೆಯ ಜೊತೆ ಕೂತು ಒಂಬತ್ತನೇ ಕ್ಲಾಸಿನ ಆ ಶ್ರಾವಣವನ್ನು ಮೊದಲಿಂದ ಕೊನೆಯವರೆಗೆ ನೆನೆಸಿಕೊಂಡೆ.

ಆ ವರ್ಷ ನಮ್ಮ ಹೈಸ್ಕೂಲಿಗೆ ಪ್ರಾಜೆಕ್ಟಿನ ಹುಚ್ಚು ಹಿಡಿದಿತ್ತು. ಕನ್ನಡಕ್ಕೊಂದು, ಗಣಿತಕ್ಕೊಂದು, ಸಮಾಜಕ್ಕೊಂದು, ವಿಜ್ಞಾನಕ್ಕೊಂದು. ಅದಕ್ಕೆ ಮುಂಚೆ ನಮಗೆ ಪ್ರಾಜೆಕ್ಟ್ ಎಂದರೆ ರಾಮನಗರದ ಅಂಗಡಿಯಲ್ಲಿ ಚಿತ್ರಗಳ ಹಾಳೆ ಕೊಂಡು, ಕತ್ತರಿಸಿ, ಚಾರ್ಟಿಗೆ ಅಂಟಿಸಿ, ಸುತ್ತ ಸ್ಕೆಚ್ ಪೆನ್ನಿನಲ್ಲಿ ಹೂವು ಬಳ್ಳಿ ಬರೆಯುವುದು. ಎಂಟನೇ ಕ್ಲಾಸಿನಲ್ಲಿ ನಾನು ರೇಷ್ಮೆ ಹುಳುವಿನ ಜೀವನಚಕ್ರವನ್ನು ಹೀಗೇ ಅಂಟಿಸಿದ್ದೆ. ನಮ್ಮ ಮನೆಯ ನಡುಮನೆ ತುಂಬ ಹುಳುಗಳಿದ್ದವು. ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗೆ ನಾನು ಬಸ್ಸಿನಲ್ಲಿ ಹೋಗಿ ಹುಳುವಿನ ಚಿತ್ರ ತಂದಿದ್ದೆ. ಪೂರ್ತಿ ಅಂಕ ಬಂದಿತ್ತು.

ಒಂಬತ್ತಕ್ಕೆ ಹೊಸದಾಗಿ ಬಂದ ವಿಜ್ಞಾನದ ಮೇಡಂ ಚಿತ್ರ ಅಂಟಿಸಿದರೆ ಸೊನ್ನೆ ಎಂದರು. ಹುಳುವನ್ನು ಕ್ಲಾಸಿನಲ್ಲೇ ಸಾಕಿ, ದಿನಾ ನೋಡಿ, ನೋಡಿದ್ದನ್ನು ಬರೆಯಬೇಕು. ಎಲ್ಲರೂ ನನ್ನ ಕಡೆ ತಿರುಗಿದರು. ನಮ್ಮ ಗುಂಪಿನಲ್ಲಿ ಹುಳು ಸಾಕುವ ಮನೆಯವಳು ನಾನೊಬ್ಬಳೇ. ನಾನೂ ಧಾರಾಳವಾಗಿ ತಲೆಯಾಡಿಸಿದೆ.

ಮನೆಗೆ ಬಂದು ಅವ್ವನನ್ನು ಒಂದು ಹಿಡಿ ಹುಳು ಕೇಳಿದರೆ ಅವಳು ಸೊಪ್ಪು ಹಾಕುತ್ತಿದ್ದ ಕೈ ನಿಲ್ಲಿಸಲೂ ಇಲ್ಲ.

"ನಮ್ಮನೆ ಉಳ ಗೂಡಾದ್ಮೇಲೇ ಈ ಹೊಸಲು ದಾಟೋದು. ಡಬ್ಬೀಲಿ ದಾಟಕ್ಕಿಲ್ಲ."

ಇದು ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿರುವ ಕಟ್ಟು. ಬೆಳೆ ಮುಗಿಯುವ ಮುಂಚೆ ಹುಳುವನ್ನು ಮನೆಯಿಂದಾಚೆ ಕೊಡುವುದಿಲ್ಲ, ಆಚೆಯವರನ್ನು ಹುಳುವಿನ ಹತ್ತಿರ ಬಿಡುವುದಿಲ್ಲ. ನೆಂಟರು ಬಂದರೆ ಜಗಲಿಯಲ್ಲೇ ಕಾಫಿ. ಹುಳುವಿಗೆ ರೋಗ ಬಂದ ಮನೆಯಿಂದ ಬಂದವರಿಗಂತೂ ಜಗಲಿಯೂ ಇಲ್ಲ, ಬೀದಿಯಲ್ಲೇ ಮಾತಾಡಿಸಿ ಕಳಿಸುವುದು. ಯಾರೂ ಅದನ್ನು ಅವಮಾನ ಎಂದುಕೊಳ್ಳುವುದಿಲ್ಲ, ಅವರ ಮನೆಯಲ್ಲೂ ಅದೇ ಕಟ್ಟು.

ಆ ಸಲದ ಬೆಳೆಗೆ ಅವ್ವ ಇನ್ನೂ ಬಿಗಿಯಾಗಿದ್ದಳು. ನಮ್ಮದು ಸಣ್ಣ ಮನೆ. ನಡುಮನೆಯೆಲ್ಲ ಹುಳುವಿನ ಸ್ಟ್ಯಾಂಡುಗಳು, ನಾವು ಮೂವರೂ ಜಗಲಿಯಲ್ಲಿ ಮಲಗುವುದು, ಅಡುಗೆ ಹಿತ್ತಿಲ ಚಪ್ಪರದಲ್ಲಿ. ಮದುವೆಯಾಗಿ ಬಂದ ಮೇಲೆ ಮಳೆಗಾಲದಲ್ಲಿ ಬೆಚ್ಚಗೆ ಒಳಗೆ ಮಲಗಿದ್ದೇ ನೆನಪಿಲ್ಲ ಎಂದು ಅವ್ವ ಆಗಾಗ ಹೇಳುತ್ತಿದ್ದಳು. ತೋಟದಲ್ಲಿ ಹುಳುವಿಗೆಂದೇ ಬೇರೆ ಮನೆ ಕಟ್ಟಲು ಅಪ್ಪ ಗೋಡೆ ಎಬ್ಬಿಸಿ ನಿಲ್ಲಿಸಿದ್ದ. ಈ ಬೆಳೆ ಕೈಗೆ ಬಂದರೆ ಮೇಲಕ್ಕೆ ಶೀಟು. ಬರದಿದ್ದರೆ ಗೋಡೆಗೆ ಇನ್ನೊಂದು ಮಳೆಗಾಲ. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ, ಬಾಯಿಬಿಟ್ಟು ಹೇಳಬೇಕಿರಲಿಲ್ಲ.

ಕೊನೆಗೆ ಕ್ಲಾಸಿಗೆ ಹುಳು ತಂದವನು ನಮ್ಮ ಗುಂಪಿನ ಮಂಜ. ಚನ್ನಪಟ್ಟಣದ ಹತ್ತಿರ ಬೈರಾಪಟ್ಟಣದಲ್ಲಿ ಅವನ ಸೋದರಮಾವನಿಗೆ ಹಿಪ್ಪುನೇರಳೆ ತೋಟವಿತ್ತು. ಭಾನುವಾರ ಹೋಗಿ ಚಪ್ಪಲಿ ಡಬ್ಬಿಯಲ್ಲಿ ತುಂಬಿಸಿಕೊಂಡು ಬಂದ. ನಾನು ದೊಡ್ಡ ಯಜಮಾನಿಯ ಹಾಗೆ ಎಲ್ಲರಿಗೂ ಕಲಿಸಿಕೊಟ್ಟೆ. ಹೀಗೆ ಸೊಪ್ಪು ಹಾಕಬೇಕು, ಹೀಗೆ ಹಿಕ್ಕೆ ತೆಗೆಯಬೇಕು, ಜ್ವರಕ್ಕೆ ಕೂತಾಗ, ಎಂದರೆ ಹುಳು ಪೊರೆ ಬಿಡಲು ತಲೆ ಎತ್ತಿ ಅಲ್ಲಾಡದೆ ಕೂತಾಗ, ಮುಟ್ಟಬಾರದು. ಹೇಳಿದ್ದು ಎಲ್ಲ ಸರಿಯಾಗಿಯೇ ಇತ್ತು. ಆದರೆ ಕ್ಲಾಸು ಹುಳುವಿನ ಮನೆಯಲ್ಲವಲ್ಲ. ಮಳೆ ಹಿಡಿದುಕೊಂಡಿತ್ತು, ಸೊಪ್ಪು ಒದ್ದೆ, ಬಿಸಿಯೂಟ ಮುಗಿಸಿದ ಕೈಗಳೆಲ್ಲ ಡಬ್ಬಿಯೊಳಗೆ.

ಒಂದು ಮಧ್ಯಾಹ್ನ ನೋಡಿದರೆ ಹುಳುಗಳು ಸೊಪ್ಪು ಬಿಟ್ಟು ಡಬ್ಬಿಯ ಅಂಚಿನ ಮೇಲೆ ಸುತ್ತುತ್ತಿದ್ದವು. ಮೈ ಊದಿ ಮಿರಮಿರ ಮಿಂಚುತ್ತಿತ್ತು. ಒಂದನ್ನು ಎತ್ತಿದೆ. ಅದು ಬೆರಳಲ್ಲೇ ಒಡೆದು ಹಾಲಿನಂಥ ನೀರು ಅಂಗೈಗೆ ಇಳಿಯಿತು. ಉಳಿದವರಿಗೆ ಅದು ಅಸಹ್ಯ, ನನಗೆ ಅದೇನೆಂದು ಗೊತ್ತಿತ್ತು. ಅದು ಹಾಲುರೋಗ, ಮುಟ್ಟಿದ ಕೈಯಿಂದಲೇ ಮನೆಯ ಹುಳುವಿಗೆಲ್ಲ ಹರಡುವಂಥದ್ದು. ನಮ್ಮ ಮನೆಯ ಹುಳು ಆವತ್ತು ಬೆಳಿಗ್ಗೆ ತಾನೇ ನಾಲ್ಕನೇ ಜ್ವರದಿಂದ ಎದ್ದು ಕೊನೆಯ ವಾರದ ದೊಡ್ಡ ಮೇವಿಗೆ ಬಿದ್ದಿತ್ತು.

ಮೇಡಂ ಎಲ್ಲರಿಗೂ ಸೋಪು ಹಾಕಿ ಕೈ ತೊಳೆಸಿದರು, ಡಬ್ಬಿಯನ್ನು ಶಾಲೆಯ ಹಿಂದೆ ಸುಡಿಸಿದರು, ಕಂಡದ್ದನ್ನು ಬರೆದಿಡಿ ಎಂದರು. ನಾನು ಬರೆಯದೆ ಮನೆಗೆ ಓಡಿದೆ. ಓಡಿದವಳು ನಮ್ಮ ಬೇಲಿಯ ಹತ್ತಿರ ನಿಂತುಬಿಟ್ಟೆ. ಅವ್ವ ಸೊಪ್ಪಿನ ಹೊರೆ ಇಳಿಸುತ್ತಿದ್ದಳು.

"ಅವ್ವಾ, ಸ್ಕೂಲಿನ ಉಳಕ್ಕೆ ಹಾಲುರೋಗ ಬಂದೈತೆ. ನಾನು ಮುಟ್ಬುಟ್ಟಿವ್ನಿ."

ಅವ್ವ ನನ್ನ ಕಡೆ ಬರಲಿಲ್ಲ. ಹೊರೆಯನ್ನು ನನಗಿಂತ ಆಚೆಗೆ ಸರಿಸಿದಳು. ಆಮೇಲೆ ಹೇಳಿದಳು, "ಒಳಕ್ಕೆ ಬರ್ಬ್ಯಾಡ. ಉಳ ಹಣ್ಣಾಗಗಂಟ ಚೈತ್ರನ ಮನೇಲಿರು."

ಚೈತ್ರ ನನ್ನ ಕ್ಲಾಸಿನವಳೇ, ಬೀದಿಯ ಆ ತುದಿಯ ಮನೆ. ಅವರದು ಕುರಿ ಸಾಕುವ ಮನೆತನ. ಅವಳ ಅಪ್ಪ ಅವ್ವ ದೊಡ್ಡ ಮಂದೆ ಹೊಡೆದುಕೊಂಡು ಮೇವು ಹುಡುಕಿ ಕನಕಪುರದ ಕಡೆ ಹೋಗಿದ್ದರು. ಮನೆಯಲ್ಲಿ ಚೈತ್ರ, ಅವಳ ಅಜ್ಜಿ, ಒಂದಷ್ಟು ಮರಿ ಹಾಕಿದ ಕುರಿಗಳು. ಕ್ಲಾಸಿನಲ್ಲಿ ಅವಳದು ನೀರು ಸೋಸುವ ಪ್ರಾಜೆಕ್ಟಿನ ಗುಂಪಾದ್ದರಿಂದ ಹುಳುವಿನ ಹತ್ತಿರ ಅವಳು ಸುಳಿದಿರಲಿಲ್ಲ. ನಮ್ಮ ಮನೆಗೆ ಒಂದು ಕೈ ಕಮ್ಮಿಯಾಯಿತಲ್ಲ, ಕೊನೆಯ ವಾರದಲ್ಲಿ ಸೊಪ್ಪು ಕೊಯ್ಯುವ ಕೈ ಕಮ್ಮಿಯಾದರೆ ಹುಳು ಅರೆಹೊಟ್ಟೆ ಎಂದೇ ಅರ್ಥ. ಆವತ್ತು ಸಂಜೆಯೇ ಅವ್ವ ಅಜ್ಜಿಯನ್ನು ಕೇಳಿ ಚೈತ್ರನನ್ನು ಕರೆಸಿಕೊಂಡಳು. ಅಜ್ಜಿ ಒಪ್ಪಿದಳು, ನಮ್ಮ ಮರಿಗಳನ್ನು ರೂಪಿ, ಎಂದರೆ ನಾನು, ನೋಡಿಕೊಳ್ಳಲಿ ಎಂದಳು. ಹೀಗೆ ಶಾಲೆಗೆ ಮುಂಚೆ ಮತ್ತು ಶಾಲೆ ಬಿಟ್ಟ ಮೇಲೆ ಚೈತ್ರ ನಮ್ಮ ಮನೆಯ ಮಗಳಾದಳು, ನಾನು ಅವರ ಮನೆಯ ಮಗಳಾದೆ.

ಮಾರನೆಯ ದಿನ ಮೇಡಮ್ಮನ್ನು ಕೇಳಿದೆ. ಚೆನ್ನಾಗಿ ಮಿಂದು, ಬಟ್ಟೆ ಬದಲಿಸಿ, ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಕೈಕಾಲು ಅದ್ದಿದರೆ ಸಾಕು, ಮನೆಗೆ ಹೋಗಬಹುದು ಎಂದರು. ನಾನು ಖುಷಿಯಾಗಿ ಬಂದು ಬೀದಿಯಲ್ಲಿ ನಿಂತು ಅವ್ವನಿಗೆ ಕೂಗಿ ಹೇಳಿದೆ.

"ನಿಮ್ ಮೇಡಂ ಮನೇಲಿ ಉಳ ಅವ್ಯಾ?" ಎಂದು ಕೇಳಿ ಅವ್ವ ಒಳಗೆ ಹೋದಳು.

ಚೈತ್ರ ಮಿಂದು ಬಟ್ಟೆ ಬದಲಿಸಿ ಒಳಗೆ ಹೋಗುತ್ತಿದ್ದಳು. ಅವಳು ಹೋಗಬಹುದಾದರೆ ನಾನೇಕೆ ಹೋಗಬಾರದು ಎಂದು ಅಪ್ಪನ ಹತ್ತಿರ ವಾದ ಮಾಡಿದೆ. ಅವಳ ಕೈ ಮುಟ್ಟಿಲ್ಲ, ನಿನ್ನ ಕೈ ಮುಟ್ಟಿದೆ ಎಂದು ಅಪ್ಪ ಹೇಳಿ ಮುಗಿಸಿದ. ಅದಕ್ಕಿಂತ ನನಗೆ ಉರಿದದ್ದು ಬೇರೆ. ಕುರಿಯ ಮನೆಯ ಬಟ್ಟೆ ಹುಳುವಿನ ಹತ್ತಿರ ಬೇಡವೆಂದು ಅವ್ವ ಅವಳಿಗೆ ನನ್ನ ಬಟ್ಟೆ ಕೊಟ್ಟಿದ್ದಳು. ನನ್ನ ಹಸಿರು ಚೂಡಿದಾರ ತೊಟ್ಟುಕೊಂಡು, ನನ್ನ ಮನೆಯ ಬಾಗಿಲಲ್ಲಿ, ನನ್ನ ಅವ್ವನ ಕೈಯಿಂದ ಕಾಫಿ ಲೋಟ ಇಸಿದುಕೊಳ್ಳುತ್ತಿದ್ದ ಚೈತ್ರ ಬೀದಿಯಿಂದ ಕಾಣುತ್ತಿದ್ದಳು. ನನಗೆ ಹೊಟ್ಟೆಯುರಿ. ಅದನ್ನು ಬೇರೆ ಯಾವ ಮಾತಿನಲ್ಲೂ ಹೇಳಲು ಬರುವುದಿಲ್ಲ.

ಅವ್ವ ನನ್ನನ್ನು ಮರೆತಿರಲಿಲ್ಲ ನಿಜ. ಸಂಜೆ ನಲ್ಲಿಗೆ ಬರುವಾಗ ಬೀದಿಯ ಆಚೆ ಬದಿ ನಿಂತು ಉಂಡೆಯಾ, ಓದಿಕೊಂಡೆಯಾ ಎಂದು ಕೇಳುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ. ಅವಳ ಕಣ್ಣು ಕೊಡದ ಮೇಲೇ ಇರುತ್ತಿತ್ತು. ಕೊಡ ತುಂಬಿದ ಕೂಡಲೇ ಹೊರಟುಬಿಡುತ್ತಿದ್ದಳು.

ಆ ವಾರವೇ ಉಳಿದ ಪ್ರಾಜೆಕ್ಟುಗಳೂ ಮುಗಿಯಬೇಕಿತ್ತು. ಗಣಿತಕ್ಕೆ ನಾನು ಹುಳು ದಿನಕ್ಕೆ ತಿನ್ನುವ ಸೊಪ್ಪಿನ ತೂಕ ಲೆಕ್ಕ ಹಾಕಿದ್ದೆ. ಕೊಯ್ದ ಕಟ್ಟನ್ನು ಕಡ್ಡಿ ಸಮೇತ ತೂಗಿ ಗುಣಿಸಿದ್ದರಿಂದ ನಮ್ಮ ಹುಳುಗಳು ಎಮ್ಮೆಗಳ ಸಮಕ್ಕೆ ಮೇಯುತ್ತಿವೆ ಎಂದು ಉತ್ತರ ಬಂತು. ಚೈತ್ರ ಹೋಗಿ ಅದನ್ನು ಅವ್ವನಿಗೆ ಹೇಳಿದಳಂತೆ. "ಕಡ್ಡೀನೂ ತಿನ್ತವಂತಾ ನಮ್ಮುಳ?" ಎಂದು ಅವ್ವ ನಕ್ಕಳಂತೆ. ಅವ್ವ ನಕ್ಕದ್ದನ್ನು ಇನ್ನೊಬ್ಬರ ಬಾಯಲ್ಲಿ ಕೇಳಬೇಕಾಯಿತಲ್ಲ ಎಂದು ನನಗೆ ಅದಕ್ಕೂ ಸಿಟ್ಟು.

ಕನ್ನಡಕ್ಕೆ ಹಿರಿಯರಿಂದ ಹತ್ತು ಗಾದೆ ಸಂಗ್ರಹಿಸಬೇಕಿತ್ತು. ಚೈತ್ರನ ಅಜ್ಜಿಯನ್ನು ಕೇಳಿದೆ. ಅಜ್ಜಿ ಹತ್ತಲ್ಲ, ಇಪ್ಪತ್ತು ಹೇಳಿದಳು. ಅರ್ಧಕ್ಕಿಂತ ಹೆಚ್ಚು ಕ್ಲಾಸಿನಲ್ಲಿ ಓದುವಂಥವಲ್ಲ. ನಾನು ಯಾವುದನ್ನು ಬರೆದುಕೊಳ್ಳುತ್ತೇನೆ, ಯಾವುದನ್ನು ಬಿಡುತ್ತೇನೆ ಎಂದು ನೋಡಿಕೊಂಡು ಅಜ್ಜಿ ಬೇಕೆಂದೇ ಬಿಡುವಂಥವನ್ನೇ ಹೆಚ್ಚು ಹೇಳುತ್ತಿದ್ದಳೆಂದು ನನ್ನ ಗುಮಾನಿ.

ಸಮಾಜಕ್ಕೆ ಒಂದು ಕುಟುಂಬದಲ್ಲಿ ಯಾರು ಯಾರು ಏನು ಕೆಲಸ ಮಾಡುತ್ತಾರೆ ಎಂದು ನೋಡಿ ಬಂದು ಕ್ಲಾಸಿನ ಮುಂದೆ ನಿಂತು ಹೇಳಬೇಕು. ನಾನೂ ಚೈತ್ರನೂ ಮನೆ ಅದಲುಬದಲಾಗಿದ್ದೇವೆಂದು ತಿಳಿದ ಸಮಾಜದ ಸಾರ್, ಹಾಗಾದರೆ ನೀನು ಅವರ ಮನೆಯದು ಹೇಳು, ಅವಳು ನಿಮ್ಮ ಮನೆಯದು ಹೇಳಲಿ ಎಂದರು. ಕುರಿ ಎಷ್ಟಿವೆ ಎಂದು ಅಜ್ಜಿಯನ್ನು ಕೇಳಿದರೆ, "ಅವೆ ಬುಡು, ಒಂದಷ್ಟು" ಎಂದಳು. ಎಣಿಸಬಾರದಂತೆ, ಎಣಿಸಿದರೆ ಕಮ್ಮಿಯಾಗುತ್ತವಂತೆ. ಹಟ್ಟಿಯಲ್ಲಿ ಒಂದು ಮರಿ ಇಲ್ಲದಿದ್ದರೂ ಅಜ್ಜಿಗೆ ಕತ್ತಲಲ್ಲೇ ಗೊತ್ತಾಗುತ್ತಿತ್ತು. ಮರಿಗಳಿಗೆ ಸೊಪ್ಪು ಕಟ್ಟುವುದು, ಹಟ್ಟಿ ಗುಡಿಸುವುದು, ಮಳೆ ಬಂದರೆ ಒಳಗೆ ಎಳೆದು ತರುವುದು ನನ್ನ ಪಾಲಿನ ಕೆಲಸ. ಅವುಗಳ ಉಣ್ಣೆಯ ವಾಸನೆ ಮೈಗೆಲ್ಲ ಹತ್ತಿತ್ತು. ಮೊದಮೊದಲು ಅಸಹ್ಯವಾಗುತ್ತಿದ್ದದ್ದು ಆಮೇಲೆ ಗೊತ್ತೇ ಆಗುತ್ತಿರಲಿಲ್ಲ.

ನಡುವೆ ಮಳೆ ಬಿಡದೆ ಹೊಡೆಯಿತು. ಒದ್ದೆ ಸೊಪ್ಪು ಹುಳುವಿಗೆ ವಿಷ. ಅಪ್ಪ ಅವ್ವ ಕೊಯ್ದ ಸೊಪ್ಪನ್ನೆಲ್ಲ ಜಗಲಿಯಲ್ಲಿ ಹರಡಿ, ಒದರಿ, ಬಟ್ಟೆಯಲ್ಲಿ ಒರೆಸಿ ಹಾಕುತ್ತಿದ್ದರಂತೆ. ಒಂದು ಸಂಜೆ ಚೈತ್ರ ಬಂದು ಮೆಲ್ಲಗೆ ಹೇಳಿದಳು. ನಿಮ್ಮವ್ವ ಇವತ್ತು ಏಳೆಂಟು ಹುಳ ಆರಿಸಿ ಸುಣ್ಣದ ಡಬ್ಬಿಗೆ ಹಾಕಿದರು. ಮಿಂಚುತ್ತಿದ್ದವಾ ಎಂದೆ. ಮಿಂಚುತ್ತಿದ್ದವು ಎಂದಳು.

ಅವತ್ತು ನಾನು ಮುದ್ದೆ ಮುರಿಯದೆ ತಟ್ಟೆಯ ಮುಂದೆ ಕೂತೆ. ಬೆಳೆ ಹೋದರೆ ನನ್ನ ಕೈಯಿಂದ ಹೋಯಿತು ಎನ್ನುವುದು. ಉಳಿದರೆ ನಾನಿಲ್ಲದೆಯೂ ಉಳಿಯಿತು ಎನ್ನುವುದು. ಎರಡರಲ್ಲಿ ಯಾವುದನ್ನು ಬೇಡಿಕೊಳ್ಳಬೇಕೆಂದು ತಿಳಿಯದೆ, ಕೊನೆಗೆ ಅರ್ಧ ಎದ್ದ ಆ ಗೋಡೆಗಳನ್ನು ನೆನೆಸಿಕೊಂಡು ಉಳಿಯಲಪ್ಪ ಎಂದೇ ಬೇಡಿಕೊಂಡೆ. ಅಜ್ಜಿ ನನ್ನ ತಟ್ಟೆ ನೋಡಿ, "ಬರೋದಿದ್ರೆ ನೀನು ಬೀದೀಲಿ ನಿಂತ್ರೂ ಬತ್ತದೆ, ಬರ್ದಿದ್ರೆ ತೊಡೆ ಮ್ಯಾಲೆ ಕೂತ್ರೂ ಬರಕ್ಕಿಲ್ಲ. ಉಣ್ಣು" ಎಂದಳು. ಅದರಲ್ಲಿ ಸಮಾಧಾನ ಎಷ್ಟಿತ್ತೋ ಕಾಣೆ, ಬೈಗುಳವಂತೂ ಇತ್ತು. ಉಂಡೆ.

ಮಾರನೆಯ ದಿನ ಎರಡೋ ಮೂರೋ ಸಿಕ್ಕವಂತೆ. ಅದರ ಮಾರನೆಯ ದಿನ ಒಂದೂ ಇಲ್ಲ. ಬಿಸಿಲೂ ಬಿತ್ತು. ಭಾನುವಾರ ಹುಳು ಹಣ್ಣಾಯಿತು. ಹುಳು ಹಣ್ಣಾದರೆ ಮೈ ತಿಳಿಯಾಗಿ, ಸೊಪ್ಪು ಬಿಟ್ಟು, ನೂಲು ಬಿಡಲು ಜಾಗ ಹುಡುಕುತ್ತದೆ. ಆಗ ಒಂದೊಂದನ್ನೂ ಆರಿಸಿ ಚಂದ್ರಿಕೆಗೆ, ಎಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ ಬಿಡಬೇಕು. ತಡವಾದರೆ ನೂಲು ದಂಡ. ಅದಕ್ಕೇ ಅಕ್ಕಪಕ್ಕದವರೆಲ್ಲ ಮುಯ್ಯಾಳಾಗಿ ಬರುತ್ತಾರೆ, ಅವರ ಮನೆಯ ಹುಳು ಹಣ್ಣಾದಾಗ ನಾವು ಹೋಗುತ್ತೇವೆ. ಬೀದಿಯ ಹೆಂಗಸರೆಲ್ಲ ಕೈಕಾಲು ತೊಳೆದು ನಮ್ಮ ಮನೆಯೊಳಗೆ ಹೋದರು. ನಾನು ಮರಿ ಹಿಡಿದುಕೊಂಡು ಬೇಲಿಯಾಚೆ ನಿಂತಿದ್ದೆ. ನನ್ನ ಮನೆಯ ಹಣ್ಣುಹುಳು ಆರಿಸಲು ನನ್ನೊಬ್ಬಳನ್ನು ಬಿಟ್ಟು ಊರೆಲ್ಲ ಒಳಗಿತ್ತು.

ಹುಳುವೆಲ್ಲ ಚಂದ್ರಿಕೆ ಹತ್ತಿದ ಮೇಲೆ ನನಗೆ ಕರೆ ಬಂತು. ಹಿತ್ತಿಲಲ್ಲಿ ಬಿಸಿನೀರು ಕಾದಿತ್ತು. ಅಮ್ಮ ಎದ್ದು ಸಿಡುಬು ಇಳಿದ ಮಗುವಿಗೆ ಎರೆಯುವ ಹಾಗೆ ಅವ್ವ ಬೇವಿನ ಸೊಪ್ಪು ಹಾಕಿ ತಲೆಯಿಂದ ಎರೆದಳು. ಎರೆದು ಮುಗಿಸಿ, ಹೋಗಿ ತಿಂದುಬಿಟ್ಟ ಸೊಪ್ಪಿನ ಕಡ್ಡಿ ಹೊರಕ್ಕೆ ಹಾಕು ಎಂದಳು. ವಾರ ಮನೆಬಿಟ್ಟು ಬಂದವಳಿಗೆ ಇಷ್ಟೇ. ಗೂಡು ಬಿಡಿಸಿ ಅಪ್ಪ ರಾಮನಗರಕ್ಕೆ ಒಯ್ದು, ಮುಖ ಅರಳಿಸಿಕೊಂಡು ಬಂದ. ಶೀಟಿಗೆ ಹೇಳಿ ಬಂದೆ ಎಂದ. ಅಕ್ಕಪಕ್ಕದವರು ಬೆಳೆ ಚೆನ್ನಾಯಿತಂತಲ್ಲ ಎಂದು ಕೇಳಿದರೆ ಅವ್ವ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದಳು, ಚೈತ್ರ ಇದ್ದುದಕ್ಕೆ ಆಯಿತು ಈ ಸಲ ಎಂದು. ನಾನು ಪಕ್ಕದಲ್ಲೇ ಇರುತ್ತಿದ್ದೆ. ಬೇಲಿಯಲ್ಲಿ ನಿಂತು ಹೇಳದೆ ಸೀದಾ ಒಳಗೆ ನುಗ್ಗಿದ್ದರೆ ಗೊತ್ತಾಗುತ್ತಿತ್ತು ಎಂದು ಬಾಯಿಗೆ ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದೆ.

ಸಮಾಜದ ಪ್ರಾಜೆಕ್ಟಿನ ಸರದಿ ಅದಾದ ಮೇಲೆ ಬಂತು. ನಾನು ಕುರಿ ಮನೆಯ ಬಗ್ಗೆ ಗಟ್ಟಿಯಾಗಿ ಹೇಳಿ ಬಂದು ಕೂತೆ. ಕುರಿ ಎಷ್ಟು ಎಂದು ಸಾರ್ ಕೇಳಿದಾಗ, ಅವೆ ಸಾರ್ ಒಂದಷ್ಟು ಎಂದದ್ದಕ್ಕೆ ಕ್ಲಾಸು ನಕ್ಕಿತು. ಆಮೇಲೆ ಚೈತ್ರ ಎದ್ದಳು. ಅವಳು ಕ್ಲಾಸಿನಲ್ಲಿ ಬಾಯಿ ಬಿಡುವವಳೇ ಅಲ್ಲ. ಕೈಯಲ್ಲಿ ಹಾಳೆಯೂ ಇರಲಿಲ್ಲ. ಬೋರ್ಡಿಗೆ ಒರಗಿ ನಿಂತು, ಪಾಠ ಒಪ್ಪಿಸುವ ಹಾಗೆ ಒಂದೇ ಸಮ ಹೇಳಿದಳು. ಬೆಳಕು ಹರಿಯುವ ಮುಂಚೆ ರೂಪಿಯ ಅವ್ವ ತೋಟಕ್ಕೆ ಹೋಗುತ್ತಾರೆ. ರೂಪಿಯ ಅಪ್ಪ ಹೊರೆ ಹೊತ್ತು ತರುತ್ತಾರೆ. ರೂಪಿ ಸೊಪ್ಪು ಒದರಿ ಕೊಡುತ್ತಾಳೆ. ರೂಪಿ ಹಿಕ್ಕೆ ಗುಡಿಸುತ್ತಾಳೆ.

ಸಾರ್ ತಡೆದರು. ರೂಪಾ ನಿಮ್ಮ ಮನೆಯಲ್ಲಿದ್ದಳಲ್ಲಮ್ಮ, ನೀನು ನೋಡಿದ ರೂಪಿ ಯಾರು ಎಂದು ಕೇಳಿದರು. ಕ್ಲಾಸು ಮತ್ತೆ ನಕ್ಕಿತು. ಚೈತ್ರ ನನ್ನ ಕಡೆ ನೋಡಿ ತಲೆ ತಗ್ಗಿಸಿದಳು.

"ನಾನೇ ಸಾರ್. ರೂಪಿ ಅವ್ವ ನನ್ನ ಅಂಗೇ ಕೂಗ್ತಿದ್ರು. ರೂಪಿ ಸೊಪ್ಪು ತತ್ತಾ, ರೂಪಿ ಉಣ್ಣು ಬಾ ಅಂತ. ಮೊದ್ಲು ಮೊದ್ಲು ನಾನು ಚೈತ್ರ ಕಣತ್ತೆ ಅಂತಿದ್ದೆ. ಆಗ ಅವ್ರು ಸೊಪ್ಪು ಹಾಕೋ ಕೈ ನಿಲ್ಸಿ ಬೀದಿ ಕಡೆ ನೋಡೋರು. ಆಮ್ಯಾಕೆ ನಂಗೆ ಹೇಳಕ್ಕೆ ಮನಸ್ಸು ಬರ್ನಿಲ್ಲ ಸಾರ್. ಓ ಅಂತಿದ್ದೆ."

ನಾನು ಡೆಸ್ಕಿನ ಮೇಲೆ ತಲೆಯಿಟ್ಟೆ. ಪಕ್ಕದವಳು ಯಾಕೆ ಅಳುತ್ತೀಯೆ ಎಂದು ಮೊಣಕೈಯಿಂದ ತಿವಿಯುತ್ತಿದ್ದಳು. ಸಾರ್ ಇಬ್ಬರಿಗೂ ಪೂರ್ತಿ ಅಂಕ ಎಂದದ್ದು ಕೇಳಿಸಿತು. ಮಧ್ಯಾಹ್ನದ ಪಿರಿಯಡ್ಡುಗಳೆಲ್ಲ ಇನ್ನೂ ಬಾಕಿ ಇದ್ದವು. ನನಗೆ ಮನೆಗೆ ಹೋಗಬೇಕಿತ್ತು, ಅವ್ವ ಒಂದು ಸಲ ಕೂಗಿದರೆ ನಾನೇ ಓ ಎನ್ನಬೇಕಿತ್ತು.